ಜಂಬು ಯುದ್ಧದಿಂದ ಬಂದ ಮೇಲೆ

ಜನವರಿ 19, 2025, ಭಾನುವಾರ

ಕಾಲೇಜಿನ ಕೌನ್ಸೆಲರ್ ಮೇಡಂ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಅವರ ಪ್ರಕಾರ ನನ್ನದು ಆ್ಯಂಗ್ಸೈಟಿ. ಇಂಟರ್ನಲ್ಸ್ ಹತ್ತಿರ ಬಂದರೆ ಊಟ ಸೇರುವುದಿಲ್ಲ, ಸೀನಿಯರ್‌ಗಳು ಎದುರಾದರೆ ಅಂಗೈ ಬೆವರುತ್ತದೆ, ಹೊಸಪೇಟೆ ಬಸ್‌ಸ್ಟ್ಯಾಂಡ್ ಹಿಂದಿನ ಚಿಕನ್ ಅಂಗಡಿ ದಾಟುವಾಗ ಇಂದಿಗೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ತಲೆಯಲ್ಲಿ ಇರುವುದನ್ನು ಪೇಪರ್ ಮೇಲೆ ಇಳಿಸು, ಯಾರಿಗೂ ತೋರಿಸಬೇಡ ಎಂದರು. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಗ್ರಾಮರ್ ಬಗ್ಗೆಯೇ ಇನ್ನೊಂದು ಟೆನ್ಷನ್ ಶುರುವಾಗುತ್ತದೆ. ಹಾಗಾಗಿ ಕನ್ನಡ.

ಇವತ್ತು ಜಂಬುವಿನ ಊರು ಕುರೆಕುಪ್ಪಕ್ಕೆ ಹೋಗಿ ಅವನನ್ನು ನೋಡಿ ಬಂದೆ.

ಜಂಬುನಾಥ, ಹಂಪೇಶ, ನಾನು ಆರನೇ ಕ್ಲಾಸಿನಿಂದ ಹತ್ತರವರೆಗೆ ಒಂದೇ ವಸತಿ ಶಾಲೆಯಲ್ಲಿ, ಒಂದೇ ರೂಮಿನಲ್ಲಿ ಇದ್ದವರು. ಎರಡು ಸಲ ಫೇಲಾಗಿ ನಮ್ಮ ಜೊತೆ ಸೇರಿದ್ದರಿಂದ ಜಂಬು ನಮಗಿಂತ ದೊಡ್ಡವನು. ನನ್ನ ಬಕೆಟ್ಟು, ನನ್ನ ತಟ್ಟೆ, ನನ್ನ ಪಾಲಿಗೆ ಬರುತ್ತಿದ್ದ ಏಟು, ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಿದ್ದ. 2023ರ ಕೊನೆಯಲ್ಲಿ ಹಂಪೇಶ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ್ದ. ರಷ್ಯಾದಲ್ಲಿ ಸೆಕ್ಯುರಿಟಿ ಕೆಲಸ, ಊಟ ವಸತಿ ಫ್ರೀ. ಅವನೂ ಜಂಬುವೂ ಹೋಗುವುದೆಂದಾಯಿತು. ಹಂಪೇಶನ ಪಾಸ್‌ಪೋರ್ಟ್ ತಡವಾಯಿತು, ಜಂಬು ಒಬ್ಬನೇ ವಿಮಾನ ಹತ್ತಿದ. ಅಲ್ಲಿ ಅವನ ಕೈಗೆ ಬಂದೂಕು ಕೊಟ್ಟು ಉಕ್ರೇನಿನ ಕಡೆಗೆ ಕಳಿಸಿದರು. ಅವನು ಹೋಗುವಾಗಲೇ ಹಳೆಯದಾಗಿದ್ದ ಯುದ್ಧ ಅವನು ಗಾಯಗೊಂಡು ವಾಪಸ್ ಬಂದ ಮೇಲೂ ನಡೆದೇ ಇದೆ.

ಜಂಬುವಿನ ಎಡಗಿವಿಯ ಮೇಲಿನ ಅರ್ಧ ಇಲ್ಲ. ತೊಡೆಯಲ್ಲಿ ಇನ್ನೂ ಕಬ್ಬಿಣದ ಚೂರುಗಳಿವೆಯಂತೆ. ಬೆನ್ನನ್ನು ಗೋಡೆಗೆ ಕೊಟ್ಟು, ಬಾಗಿಲು ಕಾಣುವ ಹಾಗೆ ಕೂರುತ್ತಾನೆ. ನನ್ನನ್ನು ನೋಡಿ, “ಏನಲೇ ಇಂಜಿನಿಯರ್, ಇನ್ನೂ ಹಂಗ ಕಡ್ಡಿ ಇದ್ದಂಗ ಅದಿ” ಎಂದು ನಕ್ಕ. ಅಷ್ಟರಲ್ಲಿ ರಸ್ತೆಯಲ್ಲಿ ಅದಿರು ಲಾರಿಯ ಟೈರು ಒಡೆಯಿತು. ನನಗೆ ನೆನಪಿರುವುದು ಕುರ್ಚಿ ಉರುಳಿದ್ದು, ನೆಲದ ಮೇಲಿದ್ದ ನನ್ನ ಬಾಯಿಗೆ ಮಣ್ಣು ಹೋದದ್ದು, ಕುತ್ತಿಗೆಯ ಮೇಲೆ ಅವನ ಮೊಣಕೈ. ಏಳಲು ನೋಡಿದರೆ ಇನ್ನೂ ಒತ್ತಿದ. ಬಹಳ ಹೊತ್ತಾದ ಮೇಲೆ “ಏನೂ ಇಲ್ಲ, ಏಳು” ಎಂದ. ಹೊರಗೆ ಹೋಗಿ ವಾಂತಿ ಮಾಡಿಕೊಂಡೆ.

ಅವನ ಅವ್ವ ತಾಯಕ್ಕ ನೀರು ತಂದುಕೊಟ್ಟಳು. “ಶಂಭು, ಇಲ್ಲಿ ಇವ ಉಳ್ಯಂಗಿಲ್ಲಪ್ಪ. ಮುಂಜಾನಿಂದ ಲಾರಿ, ಮಧ್ಯಾಹ್ನ ಸಂಡೂರು ಗುಡ್ಡದಾಗ ಬ್ಲಾಸ್ಟಿಂಗ್. ಮೊನ್ನೆ ಟ್ಯಾಂಕರ್ ನೀರಿನವನ ಕುತ್ತಿಗಿ ಹಿಡದಿದ್ದ, ನಾಕು ಮಂದಿ ಬಿಡಿಸಿದ್ರು. ನಿಮ್ಮೂರಾಗ ಗದ್ದಿ ಐತಿ, ಸಪ್ಪಳ ಇಲ್ಲ. ಒಂದೀಟು ದಿನ ಇಟ್ಕೊಳ್ರಿ.” ಆಮೇಲೆ ನನ್ನ ಕೈ ಹಿಡಿದಳು. “ಅವನ ಕೈ ಯಾರ ಮ್ಯಾಲೂ ಏಳದಂಗ ನೋಡ್ಕೊ ತಮ್ಮಾ. ಯಾರಿಗರ ಏನರ ಆತಂದ್ರ ಕೇಸ್ ಆಕ್ಕೈತಿ. ಅಲ್ಲಿಂದ ಉಳಕೊಂಡು ಬಂದವನ್ನ ಜೈಲಿಗೆ ಕಳಿಸಾಕ ನನ್ನ ಕೈಲಿ ಆಗಂಗಿಲ್ಲ.”

ಹೂಂ ಎಂದೆ. ಯಾಕೆ ಹೂಂ ಎಂದೆನೋ. ನನ್ನನ್ನೇ ನಾನು ನೋಡಿಕೊಳ್ಳಲಾರೆ.

ಜನವರಿ 26, ಭಾನುವಾರ

ಜಂಬು ನಮ್ಮೂರು ಎಮ್ಮಿಗನೂರಿಗೆ ಬಂದ. ಅಪ್ಪ ಒಪ್ಪುವುದಿಲ್ಲ ಎಂದು ವಾರವೆಲ್ಲ ಓವರ್‌ಥಿಂಕ್ ಮಾಡಿದ್ದೆ. ಅಪ್ಪ, “ಇರ್ಲಿ ಬಿಡು, ಗದ್ದಿಗೆ ನೀರು ಕಟ್ಟಾಕ ಒಬ್ಬ ಬೇಕಿತ್ತು” ಎಂದಷ್ಟೇ ಹೇಳಿದರು. ಪಂಪ್‌ಸೆಟ್ ಮನೆಯಲ್ಲಿ ಮಂಚ ಹಾಕಿಕೊಟ್ಟೆವು. ಬೇಸಿಗೆ ಬೆಳೆಗೆ ನಾಟಿ ಮುಗಿದು ಸುತ್ತ ನೀರು, ಕೊಕ್ಕರೆಗಳು. ಅವನಿಗೆ ಹಿಡಿಸಿತು.

ಊಟ ತೆಗೆದುಕೊಂಡು ಹೋಗುವಷ್ಟರಲ್ಲಿ ಸಲಿಕೆಯಿಂದ ಮನೆ ಹಿಂದೆ ಎದೆಯುದ್ದ ಗುಂಡಿ ತೋಡಿದ್ದ.

ಅಪ್ಪ ಬಗ್ಗಿ ನೋಡಿ, “ಇದೇನಪ್ಪಾ, ಹೆಣ ಹೂಳಾಕ ತೆಗದಂಗ ತೆಗದಿ” ಎಂದರು.

“ಕುಂದ್ರಾಕ, ಕಾಕಾ.”

“ಮಂಚ ಐತಲ್ಲೋ.”

“ಮಂಚ ಭಾಳ ಎತ್ತರ ಆತು.”

ಅಪ್ಪ ಬುತ್ತಿ ಅವನ ಕೈಗೆ ಕೊಟ್ಟು ಹೊರಟರು. ವಾಪಸ್ ಬರುವಾಗ, “ಹಂಪೇಶ ಬಂದಿದ್ನ ಇವನ್ನ ನೋಡಾಕ?” ಎಂದು ಕೇಳಿದರು. ಬಂದಿಲ್ಲ. ಹಂಪೇಶ ಕಂಪ್ಲಿಯಲ್ಲೇ ಇದ್ದಾನೆ. ಡ್ರೋನ್ ಟ್ರೇನಿಂಗ್ ಮಾಡಿಕೊಂಡು ಗದ್ದೆಗಳಿಗೆ ಔಷಧಿ ಹೊಡೆಯುತ್ತಾನೆ, ಕರಿ ಕನ್ನಡಕ ಹಾಕಿಕೊಂಡು ರೀಲ್ ಮಾಡುತ್ತಾನೆ. ಫೋನ್ ಮಾಡಿದರೆ “ಬರ್ತೀನಿ ಬರ್ತೀನಿ” ಎನ್ನುತ್ತಾನೆ.

ಫೆಬ್ರವರಿ 9, ಭಾನುವಾರ

ಕೇಳಬಾರದಿತ್ತು, ಕೇಳಿದೆ. ಬದುವಿನ ಮೇಲೆ ಕೂತು ಶೇಂಗಾ ತಿನ್ನುತ್ತ ಅವನು ಹೇಳಿದ.

ಅವನ ಜೊತೆ ನೇಪಾಳದ ಒಬ್ಬನಿದ್ದನಂತೆ, ಅಡುಗೆ ಕೆಲಸಕ್ಕೆಂದು ಬಂದವನು. ಇಬ್ಬರೂ ಮರಗಳ ಸಾಲಿನಲ್ಲಿ ನೀರಿನ ಕ್ಯಾನು ಹೊತ್ತು ಹೋಗುವಾಗ ಬಾಂಬು ಕಟ್ಟಿದ ಡ್ರೋನ್ ಬಂತು. ಜಂಬು ಗುಂಡಿಗೆ ಬಿದ್ದ. ನೇಪಾಳದವನಿಗೆ ಗುಂಡಿ ಸಿಗಲಿಲ್ಲ. ಅದು ಅವನ ಮುಖದ ಮುಂದೆಯೇ ನಿಂತಿತು. “ಅದಕ್ಕ ಕೈ ಮುಗದನಲೇ ಅವ. ಗುಡಿಯಾಗ ಮುಗಿತಾರಲ್ಲ, ಹಂಗ. ಅದು ಒಂದೀಟು ಹೊತ್ತು ನೋಡಿತು. ಎಲ್ಲೋ ಕುಂತು ಯಾವನೋ ನೋಡ್ತಿದ್ದ, ಅವನೂ ಯೋಚನಿ ಮಾಡಿದ್ನೇನೋ. ಆಮ್ಯಾಲೆ ಅವನ ಮ್ಯಾಲೇ ಬಿಟ್ಟ.” ಮುಗಿದ ಕೈಗಳು ಮೊಣಕೈವರೆಗೆ ಸಿಕ್ಕವಂತೆ, ಬೇರೆ ಬೇರೆ ಕಡೆ.

ಇನ್ನೊಂದನ್ನು ಅವನಾಗಿ ಹೇಳಲಿಲ್ಲ, ನಾನೇ ಕೆದಕಿದೆ. ಒಮ್ಮೆ ಕಂದಕದಲ್ಲಿ ಎದುರಾಳಿಯ ಹುಡುಗನೊಬ್ಬ ಇವನ ಮೇಲೆಯೇ ಬಿದ್ದ. ಬಂದೂಕು ಎತ್ತಲು ಜಾಗವಿರಲಿಲ್ಲ. ಕೈಯಲ್ಲಿ ಸಲಿಕೆ ಇತ್ತು. “ನಮ್ಮ ವಯಸ್ಸಿನವ. ಮೀಸಿ ಸರಿಯಾಗಿ ಬಂದಿರಲಿಲ್ಲ” ಎಂದ. ಶೇಂಗಾ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಜೇಬಿಗೆ ಹಾಕಿಕೊಂಡ. ಕುರುಹು ಬಿಡಬಾರದಂತೆ.

ಹಾಸ್ಟೆಲಿಗೆ ಬಂದು ಬ್ರೀದಿಂಗ್ ಎಕ್ಸರ್‌ಸೈಜ್ ಮಾಡಿದೆ. ಆಗಲಿಲ್ಲ. ಊಟವೂ ಸೇರಲಿಲ್ಲ.

ಫೆಬ್ರವರಿ 12, ಬುಧವಾರ

ಮೂರನೇ ವರ್ಷದ ವೀರೇಶ್ ಮೆಸ್ಸಿನಲ್ಲಿ ನನ್ನ ತಟ್ಟೆಗೆ ಕೈತೊಳೆದ ನೀರು ಸುರಿದ. “ಕುಡಿಯಲೇ ಸಣ್ಣೋನ, ಸಾರು ಅನ್ಕೊಂಡು ಕುಡಿ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಒಂದು ಗಂಟೆ ಕೂತೆ.

ಫೆಬ್ರವರಿ 16, ಭಾನುವಾರ

ಎಲ್ಲಿ ಹೊಡೆದರೆ ಮನುಷ್ಯ ಬೀಳುತ್ತಾನೆ ಎಂದು ಜಂಬುವನ್ನು ಕೇಳಿದೆ.

“ಅದನ್ನ ತಗೊಂಡು ಏನ್ ಮಾಡ್ತಿ?”

“ಸುಮ್ನ.”

“ಸುಮ್ನ ಇರೋದನ್ನ ಕಲಿ, ಚಲೋ ಐತಿ.”

ಬಿಡಲಿಲ್ಲ. ವೀರೇಶನ ವಿಷಯ ಹೇಳಿದೆ. ಹಳೆಯ ಜಂಬು ಆಗಿದ್ದರೆ ಆಗಲೇ ಬಸ್ ಹತ್ತಿರುತ್ತಿದ್ದ. ಇವನು ಗದ್ದೆಯ ಕಡೆಗೆ ನೋಡುತ್ತ ಕೂತ. ಕೊನೆಗೆ ಕೆಸರು ಬೆರಳಿನಿಂದ ನನ್ನ ಕಿವಿಯ ಕೆಳಗೆ ಒಂದು ಕಡೆ ಮುಟ್ಟಿದ. “ಇಲ್ಲಿ. ಈಗ ಮರ್ತುಬಿಡು.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಜಾಗ ತಣ್ಣಗಿತ್ತು.

ಫೆಬ್ರವರಿ 25, ಮಂಗಳವಾರ

ವೀರೇಶ್ ಮೆಟ್ಟಿಲಿನ ಮೇಲೆ ಅಡ್ಡ ನಿಂತು, “ಏ ಸಾರು, ಎಲ್ಲಿಗೆ?” ಎಂದ. ನನ್ನ ಬಳಿ ಟ್ರಂಕಿನ ಬೀಗ ಇತ್ತು, ಸಾಕ್ಸಿನೊಳಗೆ. ಒಂದೇ ಸಲ. ಕಿವಿಯ ಕೆಳಗೆ. ಅವನು ಕೂತ, ಆಮೇಲೆ ಮಲಗಿದ. ಮೂಗಿನಿಂದ ರಕ್ತ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. ನಿಂತು ನೋಡಿದೆ. ಉಸಿರಾಟ ಸರಿಯಾಗಿತ್ತು, ನನ್ನದು.

ಮೆಟ್ಟಿಲು ಜಾರಿ ಬಿದ್ದೆ ಎಂದು ಅವನೇ ವಾರ್ಡನ್ನಿಗೆ ಹೇಳಿದ್ದಾನೆ. ಮೆಸ್ಸಿನಲ್ಲಿ ನನ್ನ ಪಕ್ಕದ ಜಾಗ ಈಗ ಖಾಲಿ ಇರುತ್ತದೆ. ಆರಾಮಾಗಿ ಉಣ್ಣಬಹುದು. ಮ್ಯಾಥ್ಸ್ ಇಂಟರ್ನಲ್ಸ್ ಚೆನ್ನಾಗಾಯಿತು.

ಮಾರ್ಚ್ 2, ಭಾನುವಾರ

ಅಪ್ಪ ಔಷಧಿ ಹೊಡೆಸಲು ಹಂಪೇಶನನ್ನೇ ಕರೆಸಿದ್ದರು. ನನಗೂ ಹೊಳೆಯಲಿಲ್ಲ, ಅಪ್ಪನಿಗೂ ಹೊಳೆಯಲಿಲ್ಲ. ನಮಗೆ ಅದು ಔಷಧಿ ಹೊಡೆಯುವ ಯಂತ್ರ.

ಡ್ರೋನ್ ಔಷಧಿ ಹೊಡೆಯುವಾಗ ಗದ್ದೆಯ ಆ ತುದಿಯ ಬದುವಿನಲ್ಲಿ ಒಬ್ಬರು ಕೆಂಪು ಬಟ್ಟೆ ಹಿಡಿದು ನಿಲ್ಲುತ್ತಾರೆ. ಗದ್ದೆ ಎಲ್ಲಿ ಮುಗಿಯಿತೆಂದು ಈ ತುದಿಯಲ್ಲಿರುವವನಿಗೆ ಗೊತ್ತಾಗಲಿ ಎಂದು. ಇವತ್ತು ನಿಂತಿದ್ದು ನಮ್ಮ ಕೂಲಿಯ ಹಂಪಮ್ಮ. ಹಂಪೇಶ ಮತ್ತು ನಾನು ಈ ಕಡೆ. ಜಂಬು ಮಡಿಗೆ ನೀರು ತಿರುಗಿಸುತ್ತ ಕಾಲುವೆಯ ಹತ್ತಿರ ಇದ್ದ, ನಮಗೆ ಕಾಣುತ್ತಿರಲಿಲ್ಲ. ಹಂಪೇಶ, “ಅವ ಎಲ್ಲಿ ಅದಾನ?” ಎಂದು ಎರಡು ಸಲ ಕೇಳಿದ, ಕನ್ನಡಕ ತೆಗೆಯದೆ. ಆಮೇಲೆ ಮೇಲಕ್ಕೆ ಬಿಟ್ಟ.

ಸದ್ದು ಕೇಳಿ ಜಂಬು ದೂರಕ್ಕೆ ಓಡಲಿಲ್ಲ. ಡ್ರೋನ್ ಹಂಪಮ್ಮನ ಕಡೆ ಹೋಗುತ್ತಿತ್ತು, ಅವಳು ಕೈ ಎತ್ತಿ ಬಟ್ಟೆ ಬೀಸುತ್ತಿದ್ದಳು. ಅವನು ಅವಳ ಕಡೆಗೆ ಓಡಿದ. ಬಗ್ಗಿಕೊಂಡು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ನಾಟಿ ತುಳಿದುಕೊಂಡು. ಅವಳ ಸೊಂಟಕ್ಕೆ ಬಿದ್ದು ಕೆಸರಿಗೆ ಕೆಡವಿದ, ಮೇಲೆ ಮಲಗಿದ. ಅವಳ ಕೈ ಮೈಯಡಿ ಸಿಕ್ಕು ಮುರಿಯಿತು. ಅವಳು ತಲೆ ಎತ್ತದಂತೆ ಮುಖವನ್ನು ನೀರಿನಲ್ಲಿ ಒತ್ತಿ ಹಿಡಿದಿದ್ದ. ಅವಳ ಕಾಲುಗಳು ಬಡಿಯುತ್ತಿದ್ದವು. ಪಕ್ಕದ ಗದ್ದೆಯ ಆಳುಗಳು ಓಡಿಬಂದು ಎಳೆದರೂ ಬಿಡಲಿಲ್ಲ. ಅಪ್ಪ ಸಲಿಕೆಯ ಹಿಡಿಯಿಂದ ಬೆನ್ನಿಗೆ ಹೊಡೆದ ಮೇಲೆ ಬಿಟ್ಟ. ಆಳುಗಳು ಅವನನ್ನು ಕಾಲಿನಿಂದ ಒದ್ದರು. ಅವನು ಕೈ ಎತ್ತಲಿಲ್ಲ. ಮೇಲೆ ನೋಡುತ್ತಲೇ ಇದ್ದ.

ಎಲ್ಲರೂ ಕಿರುಚಾಡುತ್ತಿದ್ದರು. ನಾನು ನಿಂತಲ್ಲೇ ನಿಂತಿದ್ದೆ. ಓಡುವಾಗ ಅವನು ಒಂದು ಸಲವೂ ನೇರವಾಗಿ ಓಡಲಿಲ್ಲ. ಎಷ್ಟು ಚಂದ ಓಡಿದ.

ಮಾರ್ಚ್ 3, ಸೋಮವಾರ

ಕ್ಲಾಸಿಗೆ ಹೋಗಲಿಲ್ಲ. ಹಂಪಮ್ಮನ ಮನೆಗೆ ಹೋದೆ. ಕೈಗೆ ಸಿಮೆಂಟ್ ಪಟ್ಟಿ. ಪೊಲೀಸ್ ಎಂದರೆ ಏನು ಮಾಡುವುದು, ತಾಯಕ್ಕನಿಗೆ ಏನು ಹೇಳುವುದು ಎಂದು ದಾರಿಯಲ್ಲಿ ಯೋಚಿಸಿಕೊಂಡೇ ಹೋಗಿದ್ದೆ. ಹಂಪಮ್ಮ, “ಕುಂದ್ರಪ್ಪ” ಎಂದಳು. “ಕಟ್ಕೊಂಡ ಗಂಡನೂ ನನಗೋಸ್ಕರ ಒಂದಿನ ಹಂಗ ಓಡಿ ಬಂದಿಲ್ಲ. ಅವನ ಮ್ಯಾಲೆ ಏನಂತ ಕಂಪ್ಲೇಂಟ್ ಕೊಡ್ಲಿ? ನನ್ನ ಉಳಿಸಾಕ ಬಂದು ಕೈ ಮುರುದ ಅಂತ ಬರಸ್ಲಿ ಏನು?”

ಅವಳ ಸೊಸೆ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಹಂಪಮ್ಮ ನಗಲಿಲ್ಲ. “ಆದ್ರ ಅವನ ಕಣ್ಣಾಗ ನಾನು ಇರಲಿಲ್ಲ ತಮ್ಮಾ. ಬ್ಯಾರೆ ಯಾರೋ ಇದ್ರು. ಡಾಕ್ಟರಿಗೆ ತೋರಸ್ರಿ.”

ಅವನಿಗೆ ಡಾಕ್ಟರ್ ಬೇಕಿಲ್ಲ ಎಂದೆ. ಬೇಕಾಗಿರುವುದು ಅವನನ್ನು ಕೆಣಕದೆ ಇರುವುದು.

ಅಪ್ಪ ಅವನನ್ನು ವಾಪಸ್ ಕಳಿಸೋಣ ಎಂದರು. ಅವನು ಹೋದರೆ ನಾನೂ ಮನೆಗೆ ಬರುವುದಿಲ್ಲ ಎಂದೆ. ಅಪ್ಪ ನನ್ನ ಮುಖವನ್ನೇ ನೋಡಿದರು. ಅವರ ಎದುರು ನಾನು ಧ್ವನಿ ಎತ್ತಿದ್ದು ಮೊದಲ ಸಲ ಇರಬೇಕು.

ಮಾರ್ಚ್ 9, ಭಾನುವಾರ

ಹಂಪೇಶ ಹೀಗೆ ಮಾಡಿದ:

ಪಕ್ಕದವರ ಗದ್ದೆಗೆ ಹೊಡೆಯಲು ಬಂದಿದ್ದ. ಕೆಲಸ ಮುಗಿದ ಮೇಲೆ ಖಾಲಿ ಡ್ರೋನನ್ನು ನಮ್ಮ ಪಂಪ್‌ಸೆಟ್ ಮನೆಯ ಮೇಲೆ ತಂದ. ಜಂಬು ಹೊರಗೆ ಅನ್ನ ಬಸಿಯುತ್ತಿದ್ದ. ಅದು ಕೆಳಗಿಳಿಯಿತು. ಅವನು ಓಡಿದ, ಇದು ಹಿಂದೆ ಹೋಯಿತು. ಅವನು ಬಾಳೆಗಿಡಗಳ ನಡುವೆ ಹೊಕ್ಕ, ಇದು ಸುತ್ತಿ ಆ ಕಡೆ ಕಾದಿತು. ಕೊನೆಗೆ ತಾನು ತೋಡಿದ ಗುಂಡಿಗೆ ಬಿದ್ದು, ಬಿಸಿ ಪಾತ್ರೆಯನ್ನೇ ತಲೆಯ ಮೇಲೆ ಮುಚ್ಚಿಕೊಂಡ. ಗಂಜಿ ಮೈಮೇಲೆಲ್ಲ ಸುರಿದು ಭುಜದ ಚರ್ಮ ಎದ್ದಿದೆ.

ಹಂಪೇಶ ಅದನ್ನು ಹಾಡು ಹಾಕಿ ರೀಲ್ ಮಾಡಿದ್ದಾನೆ. ನನ್ನ ಕ್ಲಾಸಿನವರೇ ನನಗೆ ಫಾರ್ವರ್ಡ್ ಮಾಡಿದರು, ನಗುವ ಎಮೋಜಿ ಹಾಕಿ.

ಬರ್ನಾಲ್ ಹಚ್ಚುವಾಗ ಜಂಬು, “ಅವನಿಗೆ ಮೊದಲಿಂದ ಆಟ ಭಾಳ” ಎಂದ, ಅಷ್ಟೇ.

ಮಾರ್ಚ್ 12

ಹಾಸ್ಟೆಲ್ ಹಿಂದಿನ ನಾಯಿ ಓದಲು ಬಿಡುತ್ತಿರಲಿಲ್ಲ. ಕಲ್ಲು. ಈಗ ಸುಮ್ಮನಾಗಿದೆ.

ಮಾರ್ಚ್ 16, ಭಾನುವಾರ

ಹಂಪೇಶನನ್ನು ಹಂಪಿಗೆ ಕರೆಸಿದೆ. ವಸತಿ ಶಾಲೆಯಿಂದ ತಪ್ಪಿಸಿಕೊಂಡು ಈಜಲು ಬರುತ್ತಿದ್ದ ಕಡೆ, ಬಂಡೆಗಳ ಸಂದಿಯಲ್ಲಿ, ಟೂರಿಸ್ಟರು ಬರುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ಕಾಲು ಬಿಟ್ಟು ಕೂತೆವು.

“ರೀಲ್ ತೆಗಿ.”

“ಮಸ್ತ್ ಓಡಾಕತ್ತೈತಿ ಲೇ. ಬುಕಿಂಗೂ ಬರಾಕತ್ಯಾವ.”

“ತೆಗಿ.”

“ಅವನ ಅಂಜಿಕಿ ಬಿಡಸಾಕ ಮಾಡಿದ್ದಪ್ಪ. ನಾಕು ಸಲ ನೋಡಿದ್ರ ರೂಢಿ ಆಕ್ಕೈತಿ ಅಂತ.” ಸ್ವಲ್ಪ ಹೊತ್ತು ನೀರಿಗೆ ಕಲ್ಲು ಎಸೆದ. ಕನ್ನಡಕ ತೆಗೆದ. “ಸುಳ್ಳು. ಸಿಟ್ಟು ಬಂದಿತ್ತು. ವಿಡಿಯೊ ತೋರಿಸ್ದವ ನಾನು. ಜೊತಿಗೆ ಹೋಗಬೇಕಾದವ ನಾನು. ಬಂದಾಗಿಂದ ಒಂದು ಮಾತು ಬೈದಿಲ್ಲ ಅವ. ಬಂದು ಎರಡು ಬಡದಿದ್ರ ನಿದ್ದಿ ಬರ್ತಿತ್ತು ನನಗ. ಏನೂ ಅನ್ನಂಗಿಲ್ಲಲ್ಲ, ಅದನ್ನ ತಡಿಯಾಕ ಆಗಲಿಲ್ಲ ಲೇ ಶಂಭು.”

ಅವನು ಅಳುತ್ತಿದ್ದ. ಅವನ ಕೂದಲು ನನ್ನ ಬೆರಳಿಗೆ ಯಾವಾಗ ಸಿಕ್ಕಿತೋ ಗೊತ್ತಿಲ್ಲ. ತಲೆಯನ್ನು ನೀರಿನೊಳಗೆ ಇಟ್ಟೆ. ನೀರು ಬೆಚ್ಚಗಿತ್ತು. ಅವನ ಉಗುರುಗಳು ನನ್ನ ಮೊಣಕೈ ಪರಚಿದವು, ಗುಳ್ಳೆಗಳು ಮೊದಲು ಜೋರಾಗಿ ಬಂದವು, ಆಮೇಲೆ ಕಡಿಮೆಯಾದವು. ಕಡಿಮೆಯಾದ ಮೇಲೆ ಬಿಟ್ಟೆ. ಅವನು ಬಂಡೆಯ ಮೇಲೆ ಹೊಟ್ಟೆಯಡಿಯಾಗಿ ಬಿದ್ದು ಕೆಮ್ಮಿದ. “ನೀ ಶಂಭು ಏನಲೇ?” ಎಂದು ಕೇಳಿದ.

ಎಂಥ ಪ್ರಶ್ನೆ.

ನನ್ನ ಎದುರೇ ರೀಲ್ ಅಳಿಸಿದ. ಯುಗಾದಿಯ ದಿನ ಬಂದು ಜಂಬುವಿನ ಕಾಲಿಗೆ ಬೀಳುತ್ತೇನೆ ಎಂದ. ಮಾತಿನಿಂದ ಆಗದ ಕೆಲಸ ಎಷ್ಟು ಬೇಗ ಆಯಿತು.

ಮಾರ್ಚ್ 21

ಲೆಕ್ಚರ್ ನಡೆಯುವಾಗ ಆ ಯುದ್ಧದ ವಿಡಿಯೊಗಳನ್ನು ನೋಡುತ್ತೇನೆ. ಸೌಂಡ್ ತೆಗೆದು. ಈಗ ನೋಡಿದರೆ ಗೊತ್ತಾಗುತ್ತದೆ, ಯಾರು ತಪ್ಪು ಕಡೆ ಓಡುತ್ತಾರೆ ಎಂದು.

ಕೌನ್ಸೆಲರ್ ಮೇಡಂ ಕರೆದಿದ್ದರು. ಈಗ ಏನೂ ತೊಂದರೆ ಇಲ್ಲ ಎಂದೆ. ಸಂತೋಷಪಟ್ಟರು.

ಮಾರ್ಚ್ 30, ಭಾನುವಾರ, ಯುಗಾದಿ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಜಂಬು ಬೇರೆ ರೀತಿ ಹೇಳುತ್ತಿದ್ದಾನೆ.

ಅವ್ವ ಸ್ಟೀಲ್ ಡಬ್ಬಿಯಲ್ಲಿ ಬೇವು-ಬೆಲ್ಲ ಕೊಟ್ಟಿದ್ದಳು, ತೆಗೆದುಕೊಂಡು ಪಂಪ್‌ಸೆಟ್ ಮನೆಗೆ ಹೋದೆ. ಹಂಪೇಶ ಬಂದ. ಜಂಬುವಿನ ಕಾಲು ಹಿಡಿದ. ಜಂಬು ಅವನನ್ನು ಎಬ್ಬಿಸಿ, ಕೆನ್ನೆಗೆ ಒಂದು ಕೊಟ್ಟ, ಮೆಲ್ಲಗೆ. “ಇದು ರೀಲಿಗೆ” ಎಂದ. ಇನ್ನೊಂದು ಕೊಟ್ಟ. “ಇದು ಪಾಸ್‌ಪೋರ್ಟಿಗೆ.” ಹಂಪೇಶ, “ಇನ್ನೊಂದು ಹಾಕಲೇ, ಜೋರಾಗಿ ಹಾಕು” ಎಂದ. “ನನ್ನ ಕೈ ನೋವಾಕ್ಕೈತಿ ಹೋಗಲೇ, ನಿನ್ನ ಮುಖ ಕಲ್ಲು.” ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಹಳ ಹೊತ್ತು ಬೈದುಕೊಂಡರು. ನಾನು ಬೆನ್ನನ್ನು ಗೋಡೆಗೆ ಕೊಟ್ಟು ನಿಂತಿದ್ದೆ. ಎಲ್ಲ ಕಾಣುವ ಜಾಗ.

ಆಮೇಲೆ ಹಂಪೇಶ ಗಾಡಿಯಿಂದ ಡ್ರೋನ್ ಇಳಿಸಿದ. ಬೇಡ ಎಂದೆ. ಜಂಬು, “ಇರ್ಲಿ, ನಾನ ತರಸೀನಿ” ಎಂದ. ಅವರಿಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿದ್ದರಂತೆ. ನನಗೆ ಹೇಳಿರಲಿಲ್ಲ.

ನೆಲದ ಮೇಲೆ ಇಟ್ಟು ರೆಕ್ಕೆಗಳನ್ನು ತಿರುಗಿಸಿದ, ಮೇಲೆ ಏಳದಷ್ಟು. “ಔಷಧಿ ಹೊಡಿಯೋ ಮಿಷಿನ್ ಲೇ ಇದು. ಫ್ಯಾನ್ ಇದ್ದಂಗ. ಗಾಳಿ ನೋಡು ಬಾ.” ಜಂಬು ಒಂದು ಹೆಜ್ಜೆ ಇಟ್ಟ. ನಿಂತ. ಮತ್ತೊಂದು. ಹಂಪೇಶ ರಿಮೋಟ್ ನೆಲಕ್ಕಿಟ್ಟು ಅವನ ಕೈ ಹಿಡಿದುಕೊಂಡ, ಗಾಳಿಯ ಕಡೆಗೆ ಚಾಚಿಸಿದ. ಜಂಬುವಿನ ಭುಜ ನಡುಗತೊಡಗಿತು. ಬಾಯಿ ತೆರೆದಿತ್ತು. ಕಣ್ಣಿನಲ್ಲಿ ನೀರು. ಅವನ ಬೆನ್ನು ನನ್ನ ಕಡೆಗಿತ್ತು, ಆದರೂ ನನಗೆ ಗೊತ್ತಾಯಿತು.

ಹಿಂದಿನಿಂದ ಹೋಗಿ ಹಂಪೇಶನ ಮಣಿಕಟ್ಟು ಹಿಡಿದು ರೆಕ್ಕೆಗೆ ಕೊಟ್ಟೆ.

ಕಬ್ಬಿನ ಹಾಲಿನ ಮಿಷಿನ್ನಿಗೆ ಕಬ್ಬು ಕೊಟ್ಟ ಹಾಗೆ ಸದ್ದು. ಮುಖದ ಮೇಲೆ ಬೆಚ್ಚಗೆ ಸಿಡಿಯಿತು. ಎರಡು ಬೆರಳು.

ಜಂಬು ಓಡಲಿಲ್ಲ, ಬೀಳಲಿಲ್ಲ. ರಿಮೋಟ್ ಹುಡುಕಿ ಡ್ರೋನ್ ನಿಲ್ಲಿಸಿದ. ಲುಂಗಿ ಹರಿದು ಹಂಪೇಶನ ತೋಳಿಗೆ ಬಿಗಿದ. ಬೇವು-ಬೆಲ್ಲವನ್ನು ನೆಲಕ್ಕೆ ಸುರಿದು, ಹುಲ್ಲಿನಲ್ಲಿ ಬೆರಳುಗಳನ್ನು ಹುಡುಕಿ ತೊಳೆದು ಡಬ್ಬಿಗೆ ಹಾಕಿದ. ಕೈ ಒಂದಿಷ್ಟೂ ನಡುಗಲಿಲ್ಲ. ಬಂದ ಮೇಲೆ ಇಷ್ಟು ಸರಿಯಾಗಿ ಅವನನ್ನು ನಾನು ನೋಡಿರಲಿಲ್ಲ. ಸಹಾಯ ಮಾಡಲು ಹತ್ತಿರ ಹೋದೆ.

“ದೂರ ನಿಂದ್ರು” ಎಂದ. “ಎರಡೂ ಕೈ ನನಗ ಕಾಣಂಗ ಇಟ್ಕೊ.”

“ನೀ ನಡುಗಾಕತ್ತಿದ್ದಿ ಜಂಬು. ಅವ ನಿನ್ನ—”

“ನಾ ನಗಾಕತ್ತಿದ್ದೆ ಲೇ.”

ಹಂಪೇಶನನ್ನು ಗಾಡಿಯಲ್ಲಿ ಮಲಗಿಸಿ ಅವನೇ ಓಡಿಸಿಕೊಂಡು ಹೋದ. ನಾನು ಡ್ರೋನನ್ನು ತೊಳೆದು ಒಳಗಿಟ್ಟೆ.

ಏಪ್ರಿಲ್ 1, ಮಂಗಳವಾರ

ಒಂದು ಬೆರಳು ಕೂಡಿತು, ಇನ್ನೊಂದು ಕೂಡಲಿಲ್ಲ. ತಾನೇ ಎಚ್ಚರ ತಪ್ಪಿ ಕೈ ಇಟ್ಟೆ ಎಂದು ಹಂಪೇಶ ಆಸ್ಪತ್ರೆಯಲ್ಲಿ ಹೇಳಿದ್ದಾನೆ. ಮನೆಯವರಿಗೂ ಅದೇ. ನೋಡಲು ಹೋದೆ. ಕಣ್ಣು ಮುಚ್ಚಿಕೊಂಡಿದ್ದ, ನಿದ್ದೆಯಲ್ಲ. ಮಂಚದ ಪಕ್ಕದಲ್ಲಿ ಜಂಬು ಎಳನೀರು ಹಿಡಿದು ಕೂತಿದ್ದ. ನನಗೆ ಕೂರು ಎನ್ನಲಿಲ್ಲ.

ತಾಯಕ್ಕ ಫೋನ್ ಮಾಡಿದ್ದಳು. “ಆ ಮಿಷಿನ್ ಎದ್ರಿಗೆ ನಿಂತು ಗೆಣೆಯನ್ನ ಉಳಿಸ್ದನಂತಲ್ಲ ನನ್ನ ಮಗ. ಯಾರ ಮ್ಯಾಲೂ ಕೈ ಏಳಲಿಲ್ಲ ನೋಡು. ನಿನ್ನ ಪುಣ್ಯ ತಮ್ಮಾ, ನೀ ಮಾತು ಉಳಿಸ್ಕೊಂಡಿ.”

ಅದು ನನ್ನ ಡ್ಯೂಟಿ ಅಲ್ಲವೇ ತಾಯಕ್ಕ ಎಂದೆ.

ಏಪ್ರಿಲ್ 8, ಮಂಗಳವಾರ

ಬೆಳಿಗ್ಗೆ ಜಂಬು ಹಾಸ್ಟೆಲ್ ಗೇಟಿನ ಹತ್ತಿರ ನಿಂತಿದ್ದ. ಒಬ್ಬನೇ ಬಸ್ಸಿನಲ್ಲಿ ಬಂದಿದ್ದನಂತೆ, ಅಷ್ಟು ಹಾರ್ನ್‌ಗಳ ನಡುವೆ. “ದೊಡ್ಡಾಸ್ಪತ್ರಿಗೆ ತಲಿ ಡಾಕ್ಟರ್ ಬಂದಾರ. ಜೊತಿಗೆ ಬಾ.”

ಖುಷಿಯಾಯಿತು. ಡಾಕ್ಟರ್ ಬೇಡ ಎಂದು ನಾನೇ ಹೇಳಿದ್ದೆ, ಅವನಾಗಿಯೇ ಹೊರಟಿದ್ದಾನಲ್ಲ. ಲ್ಯಾಬ್ ಬಿಟ್ಟು ಹೊರಟೆ. ಚೀಟಿ ಮಾಡಿಸಲು ನಾನು ಹೋಗುತ್ತೇನೆ ಎಂದರೆ ಬಿಡಲಿಲ್ಲ, ತಾನೇ ಸಾಲಿನಲ್ಲಿ ನಿಂತ. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಮಗುವನ್ನು ಮಲಗಿಸಿಕೊಂಡು ಕೂತಿದ್ದಳು. ಜಂಬು ಬಂದು ಅವಳಿಗೆ, “ಯಕ್ಕಾ, ಒಂದೀಟು ಆ ಕಡಿ ಸರೀರಿ” ಎಂದು ನಮ್ಮಿಬ್ಬರ ನಡುವೆ ಕೂತ.

“ಏನಂತ ಹೇಳ್ತಿ ಡಾಕ್ಟರಿಗೆ?” ಎಂದು ಕೇಳಿದೆ. ಅವನಿಗೆ ಮಾತು ಕಷ್ಟವಾದರೆ ನಾನು ಇಂಗ್ಲಿಷಿನಲ್ಲಿ ಹೇಳಬಹುದು ಎಂದುಕೊಂಡಿದ್ದೆ.

“ಇದ್ದದ್ದು ಹೇಳ್ತೀನಿ.”

“ಅಂಜಬ್ಯಾಡ. ನಾ ಅದೀನಿ.”

ಅವನು ತಲೆಯಾಡಿಸಿದ.

ವಾರ್ಡ್‌ಬಾಯ್ ಟ್ರೇ ಕೆಡವಿದ. ಸ್ಟೀಲ್ ಬಟ್ಟಲುಗಳು ನೆಲದುದ್ದಕ್ಕೂ ಉರುಳಿದವು. ಜಂಬು ಬೆಚ್ಚಿದ, ಆದರೆ ಕೂತೇ ಇದ್ದ. ಎದ್ದು ನಿಂತವನು ನಾನು. ಯಾಕೆ ಎದ್ದೆನೋ. ವಾರ್ಡ್‌ಬಾಯ್ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಜಂಬು ನನ್ನ ಮಣಿಕಟ್ಟು ಹಿಡಿದು ಕೂರಿಸಿದ. ಕೂತ ಮೇಲೂ ಬಿಡಲಿಲ್ಲ.

ನರ್ಸ್ ಬಾಗಿಲಿಗೆ ಬಂದು ಕರೆದರು. “ಶಂಭುಲಿಂಗ, ತಂದೆ ಉಜ್ಜಿನಪ್ಪ.”

“ತಪ್ಪಾಗಿದೆ ಸಿಸ್ಟರ್, ಪೇಷೆಂಟ್ ಇವನು” ಎಂದೆ. “ನಾನು ಜೊತೆಗೆ ಬಂದವನು.”

ಅವರು ಕೈಯಲ್ಲಿದ್ದ ಚೀಟಿ ನೋಡಿದರು, ಜಂಬುವನ್ನು ನೋಡಿದರು.

“ತಪ್ಪಿಲ್ರಿ” ಎಂದ ಜಂಬು. ನನ್ನ ಕಡೆ ತಿರುಗಿದ. “ನಂದು ಇದರ ಮುಂದಿನ ನಂಬರ್ ಐತಿ. ಮೊದಲು ನೀನು.”

“ನನಗೇನಾಗೇತಿ?”

ಅವನು ಕೈ ಬಿಡದೆ ಎದ್ದ. ನಾನೂ ಏಳಬೇಕಾಯಿತು. ಹೆಂಗಸು ಮಗುವಿನ ಕಾಲುಗಳನ್ನು ತನ್ನ ಕಡೆಗೆ ಎಳೆದುಕೊಂಡು ದಾರಿ ಬಿಟ್ಟಳು. ಬಾಗಿಲು ದಾಟುವಾಗ ಕೈ ಬಿಡು, ಜನ ನೋಡುತ್ತಿದ್ದಾರೆ ಎಂದೆ. ಬಿಡಲಿಲ್ಲ. ಒಳಗೂ ಹಾಗೆಯೇ ಹಿಡಿದುಕೊಂಡೇ ಬಂದ.